ಪೀಪಾಯಿ ಕೋಣೆಯ ಬಾಗಿಲು

ಆನೈಮಲೈ ತಪ್ಪಲಿನ ಸಣ್ಣ ವೈನರಿಯೊಂದರಲ್ಲಿ ನಾನು ಕೆಮಿಸ್ಟ್. ಅಲ್ಲಿ ಪೀಪಾಯಿ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನನ್ನ ಹಾಗೆಯೇ ಮನೆಯಲ್ಲಿ ಕನ್ನಡ, ಹೊರಗೆ ತಮಿಳು. ಅಣ್ಣ ಎನ್ನುತ್ತಿದ್ದೆ. ನಾನು ಕಾಲೇಜಿನಲ್ಲಿ ಓದಿದ್ದನ್ನು ಅವರು ಮೂಗಿನಿಂದ ಕಲಿತಿದ್ದರು.

ಬಿಳಿ ದ್ರಾಕ್ಷಿಯ ರಸವನ್ನು ನಾವು ಓಕ್ ಮರದ ಪೀಪಾಯಿಗಳಲ್ಲೇ ಹುದುಗಲು ಬಿಡುತ್ತೇವೆ. ಸಿಹಿಯೆಲ್ಲ ತೀರಿದ ಮೇಲೂ ತಿಂಗಳುಗಟ್ಟಲೆ ಅಲ್ಲೇ ಇಟ್ಟು, ವಾರಕ್ಕೊಮ್ಮೆ ಉದ್ದನೆಯ ಕೋಲಿನಿಂದ ತಳದ ಗಸಿಯನ್ನು ಕದಡುತ್ತೇವೆ. ಹುಳಿಯ ಮೊನೆಯನ್ನು ಮೆತ್ತಗೆ ಮಾಡುವುದು ಆ ಗಸಿಯೇ. ಕೋಲು ಇಳಿಸುವ ಮುನ್ನ ಅಣ್ಣ ಪ್ರತಿ ಪೀಪಾಯಿಯ ಬಾಯಿಗೂ ಮೂಗಿಡುತ್ತಿದ್ದರು. "ಇದಿನ್ನೂ ಹಸಿ, ಅಮ್ಮಣಿ. ನಿನ್ ಮೀಟರ್ ಏನಾದ್ರೂ ಹೇಳ್ಕೊಳ್ಲಿ."

ಕಳೆದ ಕೊಯ್ಲಿನಲ್ಲಿ ಒಂದು ಬೆಳಿಗ್ಗೆ ಕರೆಂಟ್ ಹೋಯಿತು. ಎಸಿ ನಿಂತಿತು, ಗಾಳಿಯನ್ನು ಹೊರದೂಡುವ ಫ್ಯಾನೂ ನಿಂತಿತು. "ಬಾಗಿಲು ಮುಚ್ಚಿಡಿ, ತಂಪು ಹೋಗುತ್ತೆ" ಎಂದವಳು ನಾನು. ಒಳಗೆ ಹನ್ನೆರಡು ಪೀಪಾಯಿಗಳು ಹುದುಗುತ್ತಿದ್ದವು. ಅವು ಬಿಡುವ ಅನಿಲ ಗಾಳಿಗಿಂತ ಭಾರ, ನೆಲ ಹಿಡಿದು ಕೂತು ಉಸಿರುಗಟ್ಟಿಸುತ್ತದೆ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಎರಡು ಗಂಟೆ ಕಳೆದು ಅಣ್ಣ ಒಳಗೆ ಹೋದರು. ಒಂದು ಬಿರಡೆ ಕೈಜಾರಿ ಉರುಳಿತು. ಎತ್ತಿಕೊಳ್ಳಲು ಬಗ್ಗಿದರು. ಅರ್ಧ ಎದ್ದವರು ಹಿಂದಕ್ಕೆ ಬಿದ್ದರು. ಹಿಂದಲೆ ಕಬ್ಬಿಣದ ಸ್ಟ್ಯಾಂಡಿಗೆ ಬಡಿಯಿತು.

ಬಾಗಿಲಲ್ಲಿದ್ದ ನಾನು ಕೂಗಿದೆ. ಕಾಲು ಮಾತ್ರ ಹೊಸ್ತಿಲು ದಾಟಲಿಲ್ಲ. ಲೋಡಿಂಗಿನವರಿಬ್ಬರು ಓಡಿ ಬಂದು, ಉಸಿರು ಬಿಗಿಹಿಡಿದು ಎಳೆದು ತಂದರು. ಈಗಲೂ ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಕಣ್ಣೆದುರು ಅಣ್ಣ ಬಗ್ಗುತ್ತಾರೆ. ಬೇಡ, ಬಗ್ಗಬೇಡಿ ಎನ್ನುತ್ತೇನೆ. ಬಗ್ಗುತ್ತಾರೆ.

ಜೀವ ಉಳಿಯಿತು. ತಲೆಗೆ ಬಿದ್ದ ಪೆಟ್ಟಿಗೆ ವಾಸನೆ ಹಿಡಿಯುವ ಶಕ್ತಿ ಹೋಯಿತು. ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು.

ಮೊನ್ನೆ ಆ ಪೀಪಾಯಿಗಳಲ್ಲೊಂದರಿಂದ ಸಣ್ಣ ಬಾಟಲಿ ತುಂಬಿಕೊಂಡು ಪೋತ್ತನೂರಿನ ಅವರ ಮನೆಗೆ ಹೋದೆ. ಇದನ್ನಾದರೂ ಆ ಮೂಗು ಗುರುತಿಸಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

"ಸಾಂಬಾರ್ ತಳ ಹಿಡಿದ್ರೂ ಈಗ ಬೈಯೋರಿಲ್ಲ, ನಾನು ಆರಾಮು" ಎಂದು ಅವರ ಹೆಂಡತಿ ನಗುತ್ತಾ ಗ್ಲಾಸ್ ತಂದಿಟ್ಟರು. ಆಮೇಲೆ ಒಳಗೆ ಹೋಗದೆ ಅಲ್ಲೇ ನಿಂತರು.

ಅಣ್ಣ ಬಹಳ ಹೊತ್ತು ಮೂಸಿದರು. ಒಂದು ಗುಟುಕು ಕುಡಿದರು.

"ಹುಳಿ ಐತೆ. ಸಿಹಿ ಇಲ್ಲ. ಅಷ್ಟೇ. ಮಿಕ್ಕಿದ್ದೆಲ್ಲ ನೀರು."

"ಅಣ್ಣ, ಬಾಗಿಲು ಮುಚ್ಚಿಡಿ ಅಂದಿದ್ದು ನಾನು."

"ಗೊತ್ತು. ಒಳಗೋದವನು ನಾನು." ಗ್ಲಾಸನ್ನು ನನ್ನ ಕಡೆ ತಳ್ಳಿದರು. "ಏನ್ ವಾಸ್ನೆ? ಹೇಳು."

"ಹುರಿದ ಗೋಡಂಬಿ. ಸೀಬೆಕಾಯಿ ಸಿಪ್ಪೆ. ಕೊನೆಗೆ ಒಂಚೂರು ಲವಂಗ."

"ಲವಂಗ ಬಂತಾ? ಹಂಗಾದ್ರೆ ಸಾಕು, ಪೀಪಾಯಿಯಿಂದ ತೆಗ್ದುಬಿಡು. ಇನ್ನೂ ಇಟ್ರೆ ಬರೀ ಮರ ಕುಡಿದಂಗೆ. ಮಿಕ್ಕ ಹನ್ನೊಂದರದ್ದೂ ತಗೊಂಡ್ ಬಾ, ನೀ ಮೂಸಿ ಹೇಳು."

ಆಗಲಿ ಎಂದೆ. ನಾನು ಕೆಳಗಿಟ್ಟ ಗ್ಲಾಸನ್ನು ಅವರು ಎತ್ತಿಕೊಂಡು, ಕಣ್ಣು ಮುಚ್ಚಿ, ಮತ್ತೆ ಮೂಗಿಟ್ಟರು.