ಪಿನ್ನಿನ ಮೊನೆ ಮತ್ತು ನನ್ನ ಉಗುರು

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇದನ್ನು ನಾನೇ ಬರೆಯಬೇಕು, ಇವತ್ತಿನ ಖುಷಿ ಎದೆಯಲ್ಲಿ ಹಿಡಿಸುತ್ತಿಲ್ಲ. ಅದಕ್ಕೆ ಮೊದಲು ಪಟ್ಟ ಸಂಕಟ ಹೇಳದಿದ್ದರೆ ಈ ಖುಷಿ ಯಾರಿಗೂ ಅರ್ಥವಾಗುವುದಿಲ್ಲ.

ಹೊಳಲ್ಕೆರೆಯ ನಮ್ಮ ಮನೆಯ ಮಾಳಿಗೆ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದ ಮೊಮ್ಮಗಳು, ಹಿಂದಕ್ಕೆ ಹೆಜ್ಜೆಯಿಟ್ಟು ಕೆಳಗೆ ಬಿದ್ದಳು. ಬೆನ್ನುಹುರಿಗೆ ಪೆಟ್ಟಾಯಿತು. ಚಿತ್ರದುರ್ಗದಲ್ಲಿ ಆಪರೇಷನ್ ಆದಮೇಲೂ ಸೊಂಟದ ಕೆಳಗೆ ಅವಳಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಒಂದೇ ಮಾತು, ಹುಡುಗಿ ಮತ್ತೆ ನಡೆಯುತ್ತಾಳೋ ಇಲ್ಲವೋ. ದಿನಾ ಡಾಕ್ಟರನ್ನು ಕೇಳುವುದು, ದಿನಾ ಅವರು ಬಾವು ಇಳಿಯಲಿ, ಈಗಲೇ ಹೇಳಲಾಗದು ಎನ್ನುವುದು. ಹಿರಿಯೂರಿನಿಂದ ಬಂದ ಬೀಗರು, ಎಣ್ಣೆ ತಿಕ್ಕಿದರೆ ತಿಂಗಳಲ್ಲಿ ಓಡುತ್ತಾಳೆ ಎಂದರು. ಪಕ್ಕದ ಮಂಚದ ಕಡೆಯವನೊಬ್ಬ ಗಾಲಿಕುರ್ಚಿಗೆ ಈಗಲೇ ಹೇಳಿಡಿ ಎಂದ. ಗೊತ್ತಿಲ್ಲದವರೆಲ್ಲ ಹೇಳುತ್ತಿದ್ದರು, ಗೊತ್ತಿದ್ದವರು ಬಾಯಿ ಬಿಡುತ್ತಿರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಡಾಕ್ಟರು ಪಿನ್ನು ಹಿಡಿದು ಬಂದರು. ಅವಳಿಗೆ ಕಣ್ಣು ಮುಚ್ಚಲು ಹೇಳಿ, ಕಾಲಿಗೆ ಒಮ್ಮೆ ಪಿನ್ನಿನ ಮೊನೆ, ಒಮ್ಮೆ ಅದರ ತಲೆ ತಾಗಿಸುತ್ತ, ಚುಚ್ಚಿತೋ ಮುಟ್ಟಿತೋ ಎಂದು ಕೇಳಿದರು. ಅದು ಗೊತ್ತಾದರೆ ಮುಂದಿನದನ್ನು ಸ್ವಲ್ಪ ಅಂದಾಜು ಮಾಡಬಹುದಂತೆ. ನಾನು ಅವಳ ಕೈ ಹಿಡಿದು ಕೂತಿದ್ದೆ. ಮೊದಲ ಮೂರು ಸಲ ಅವಳು “ಇಲ್ಲ” ಎಂದಳು. ನನ್ನ ಕಣ್ಣೆದುರೇ ಹುಡುಗಿ ಫೇಲಾಗುತ್ತಿದ್ದಾಳೆ ಅನ್ನಿಸಿತು. ಮೊನೆ ತಾಗಿದಾಗ ಉಗುರಿನಿಂದ ಅವಳ ಅಂಗೈ ಒತ್ತಿದೆ, ತಲೆ ತಾಗಿದಾಗ ಬರೀ ಬೆರಳಿನಿಂದ. ಅವಳಿಗೆ ನನ್ನ ಸನ್ನೆ ಥಟ್ಟನೆ ತಿಳಿಯಿತು. ಆಮೇಲೆ ಒಂದೂ ತಪ್ಪಲಿಲ್ಲ. ನಡೆಯುವ ಆಸೆ ಇಟ್ಟುಕೊಳ್ಳಬಹುದು ಎಂದರು ಡಾಕ್ಟರು. ನಾನು ವಾರ್ಡಿಗೆಲ್ಲ ಸಕ್ಕರೆ ಹಂಚಿದೆ.

ಎರಡು ವಾರ ಕಳೆದು, ನಾನು ಚಾ ಕುಡಿಯಲು ಹೋಗಿದ್ದಾಗ ಅದೇ ಪರೀಕ್ಷೆ ಮಾಡಿದರಂತೆ. ಒಂದೂ ಗೊತ್ತಾಗಲಿಲ್ಲ. ಬಂದದ್ದೂ ಹೋಯಿತೇ ಎಂದು ಗಾಬರಿಯಾದ ಡಾಕ್ಟರು ಅವಳನ್ನು ಮತ್ತೆ ಸ್ಕ್ಯಾನಿಂಗಿಗೆ ಕಳಿಸಿದರು. ಅಲುಗಾಡಿದರೆ ನೋವು, ಅಂಥದರಲ್ಲಿ ಆ ಓಡಾಟ. ಹೊಸ ಪೆಟ್ಟೇನೂ ಕಾಣಲಿಲ್ಲ. ಕೊನೆಗೆ ಅವಳೇ ಬಾಯಿಬಿಟ್ಟಳು.

“ನಮ್ಮಜ್ಜ ಕೈ ಒತ್ತಿ ಹೇಳ್ಕೊಡ್ತಿದ್ದ ಸಾರ್. ಇಲ್ಲ ಅಂದ್ರೆ ಅಳ್ತಾನೆ ಅಂತ ನಾನೂ ಹಂಗೇ ಅಂದೆ.”

ಡಾಕ್ಟರು ನನ್ನ ಕಡೆ ತಿರುಗಿದರು. “ಅಜ್ಜಾರೇ, ನೀವು ಪಾಸ್ ಮಾಡ್ಸಿದ್ರೆ ಕಾಲು ಬರ್ತಾವೇನ್ರಿ? ನಾನು ಮುಂದಿಂದು ಹೇಳೋದು ಇದನ್ನೇ ನಂಬ್ಕಂಡು.”

ಹೇಳಿ ಹೇಳಿ ಎಂದು ಅವರ ಪ್ರಾಣ ತಿಂದವನೇ ಅವರು ಹೇಳಲಾರದ ಹಾಗೆ ಮಾಡಿದ್ದೆ. ಅಲ್ಲಿಂದ ಪರೀಕ್ಷೆಯ ಹೊತ್ತಿಗೆ ನನ್ನನ್ನು ಬಾಗಿಲಾಚೆ ನಿಲ್ಲಿಸಿದರು. ಮುಂದಿನ ಎರಡು ಸಲವೂ ಒಳಗಿಂದ ಬರೀ “ಇಲ್ಲ” ಕೇಳಿಸಿತು. ನನ್ನ ಮೇಲೆ ನನಗೇ ಹೇಸಿಗೆ.

ಇವತ್ತು ಬೆಳಿಗ್ಗೆ ಅವಳು “ಚುಚ್ತು” ಅಂದಳು. ಮುಂದಿನ ಸಲ, “ಮುಟ್ತು.” ಬಲಗಾಲಿನ ಹೆಬ್ಬೆರಳಿಗೆ ಗೊತ್ತಾಯಿತಂತೆ. ಎಡಗಾಲಿಗೆ ಇಲ್ಲ ಎಂದೇ ಅಂದಳು. ಕರೆಯುವ ಮೊದಲೇ ಒಳಗೆ ನುಗ್ಗಿದೆ. ಕೋಲು ಹಿಡಿದು ನಡೆಯಬಹುದು, ಯಾವಾಗ ಅಂತ ಹೇಳಲಾರೆ ಎಂದರು ಡಾಕ್ಟರು. ಅವರ ‘ಬಹುದು’ ಕೇಳಿ ಕೇಳಿ ನನಗೆ ಸಾಕಾಗಿದೆ. ಆದರೂ ಕಣ್ಣೀರು ನಿಲ್ಲಲಿಲ್ಲ, ನಗುವೂ ನಿಲ್ಲಲಿಲ್ಲ. ಕೈ ಹಿಡಿಯಲು ಹೋದರೆ ಮೊಮ್ಮಗಳು ತನ್ನ ಕೈ ಹೊದಿಕೆಯೊಳಗೆ ಎಳೆದುಕೊಂಡಳು.

“ನಾಳೆ ಎಡಗಾಲು ಮತ್ತೆ ನೋಡ್ತಾರಂತೆ ಅಜ್ಜ. ನೀನು ಹೊರಗೇ ಇರು.”