ಮೂರು ಕೋಟಿನ ಮುನಿರಾಜಪ್ಪ

ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಭಾನುವಾರವಾಯಿತೆಂದರೆ ಮುನಿರಾಜಪ್ಪನವರ ಕಾರಿಗೆ ಹೊರಮೈ ಮಾತ್ರ ಉಳಿದಿರುತ್ತದೆ. ಬಾಗಿಲಿನ ಹಿಡಿ, ಗೇರಿನ ಗುಂಡು, ಡ್ಯಾಶ್‌ಬೋರ್ಡಿನ ಪಟ್ಟಿ ಎಲ್ಲವೂ ತಾರಸಿಯ ಮೇಲೆ ಹೆಂಡತಿ ಅಂಜಿನಮ್ಮನ ಸಂಡಿಗೆಯ ಪಕ್ಕದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿರುತ್ತವೆ. ಪೀಣ್ಯದ ಕಾರ್ಖಾನೆಯೊಂದರ ಮಾಲೀಕರ ಬಳಿ ಹದಿನೈದು ವರ್ಷ ಇದೇ ಕಾರನ್ನು ಓಡಿಸಿದ ಅವರು, ಕೆಲಸ ಬಿಡುವಾಗ ಅದನ್ನೇ ಕೊಂಡುಕೊಂಡು ಮನೆಗೆ ತಂದರು. ಸ್ಕ್ರೂಗಳನ್ನು ಉಪ್ಪಿನಕಾಯಿ ಬಾಟಲಿಗೆ ಹಾಕಿ, ಸವೆದ ಪ್ಲಾಸ್ಟಿಕ್ಕನ್ನು ಎಮರಿ ಪೇಪರಿನಲ್ಲಿ ಮಗುವಿನ ಮುಖ ಒರೆಸುವ ಹಾಗೆ ಉಜ್ಜಿ, ಉಸಿರು ಬಿಗಿಹಿಡಿದು ಬಣ್ಣ ಹೊಡೆಯುತ್ತಾರೆ. ಆ ಹೊತ್ತಿನಲ್ಲಿ ಯಾರಾದರೂ ಬೀದಿ ಗುಡಿಸಿದರೆ ಅವರೊಂದಿಗೆ ವಾರವಿಡೀ ಮಾತಿಲ್ಲ. "ಮೂರು ಕೋಟ್ ಆಗ್ಲೇಬೇಕು ಸಾರ್, ಅವಸರ ಮಾಡಿದ್ರೆ ಬಣ್ಣ ಮುನಿಸ್ಕೊಳ್ಳುತ್ತೆ" ಎನ್ನುವುದು ಅವರ ಮಂತ್ರ. "ಸಂಡಿಗೆಗೂ ಒಂದು ಕೋಟ್ ಬಿದ್ದೈತೆ, ತಿನ್ನಿ" ಎನ್ನುವುದು ಅಂಜಿನಮ್ಮನದು. ಹಿಂದಿನ ಸೀಟಿನ ಎಡಗಡೆ, ಮಾಲೀಕರು ಕೂರುತ್ತಿದ್ದ ಜಾಗದಲ್ಲಿ, ಕೈ ಊರುವ ಪಟ್ಟಿಗೆ ಮಾತ್ರ ಐದು ಕೋಟ್. ಮೊನ್ನೆ ಕಾರಿನೊಳಗೆ ಇಣುಕಿದೆ. ಎಲ್ಲವೂ ಹೊಸದರಂತೆ ಇತ್ತು. ಸ್ಟೀರಿಂಗ್ ಪಕ್ಕದ ಬಾಗಿಲಿನಲ್ಲಿ ಮಾತ್ರ, ಹದಿನೈದು ವರ್ಷ ಅವರದೇ ಮೊಣಕೈ ಊರಿದ ಕಡೆ, ಮೇಲ್ಪದರ ಹರಿದು ಒಳಗಿನ ಸ್ಪಂಜು ಕಾಣುತ್ತಿತ್ತು. "ಇದನ್ನ ಯಾಕೆ ಬಿಟ್ರಿ?" ಎಂದು ಕೇಳಿದೆ. ಮುನಿರಾಜಪ್ಪನವರಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಅದು ಡ್ರೈವರ್ ಕಡೆ ಅಲ್ವಾ ಸಾರ್" ಎಂದರು.