ಕೋಣದ ತಟ್ಟೆ

ಲೀನಾ, ಲ್ಯಾಬಿನಲ್ಲಿ ನೀನಿಟ್ಟ ಕೋಣದ ತಟ್ಟೆಯಲ್ಲಿ ಬೂಷ್ಟು ಬಂದಿರಲಿಲ್ಲ. ಬಂದಿತ್ತು, ಅದೂ ನಿನ್ನ ಅಜಾಗರೂಕತೆಯಿಂದ ಎಂದು ಸಂಶೋಧನಾ ಸಮಿತಿಯ ಮುಂದೆ ಹೇಳಿದವನು ನಾನು — ನಿನ್ನ ಪಿಎಚ್.ಡಿ. ಗೈಡ್. ತಟ್ಟೆ ಚೆನ್ನಾಗಿಯೇ ಇತ್ತು. ಅದನ್ನು ಎಸೆದವನೂ ನಾನೇ.

ಆಗಿನ ಗಾಳಿ ನಿನಗೂ ಗೊತ್ತು. ದೇಸಿ ಗೋವಿನ ಮೂತ್ರಕ್ಕೆ ರೋಗಾಣು ಕೊಲ್ಲುವ ವಿಶೇಷ ಶಕ್ತಿಯಿದೆ ಎಂದು ತೋರಿಸುವ ಯೋಜನೆಗಳಿಗೆ ಮಾತ್ರ ದೆಹಲಿಯಿಂದ ಅನುದಾನ ಸಲೀಸಾಗಿ ಬರುತ್ತಿತ್ತು. ಉತ್ತರ ಮೊದಲೇ ಸಿದ್ಧ, ಪ್ರಯೋಗವನ್ನು ಅದಕ್ಕೆ ಹೊಂದಿಸಬೇಕು — ಗೊತ್ತಿದ್ದೇ ನಾನು ಅರ್ಜಿ ಹಾಕಿದೆ. ನಮ್ಮ ಮಣಿಪಾಲದ ಲ್ಯಾಬಿನಲ್ಲಿ ನೀನೊಬ್ಬಳೇ, ಹೋಲಿಕೆಗೆ ಬೇರೆ ಪ್ರಾಣಿಯದ್ದೂ ಬೇಕೆಂದು ಹಠ ಹಿಡಿದವಳು. ಹಿರಿಯಡ್ಕದ ನಿನ್ನ ಮಾವನ ಕಂಬಳದ ಕೋಣದ ಮೂತ್ರವನ್ನು ಕ್ಯಾನಿನಲ್ಲಿ ತುಂಬಿಸಿ ಬಸ್ಸಿನಲ್ಲೇ ತಂದಿದ್ದೆ ನೀನು. ಕಂಡಕ್ಟರ್ ಮೂಗು ಮುಚ್ಚಿಕೊಂಡದ್ದನ್ನು ಹೇಳಿದಾಗ ಎಲ್ಲರೂ ನಕ್ಕಿದ್ದೆವು. ಫಲಿತಾಂಶ ಬಂದಾಗ ನನಗೆ ನಗು ಬರಲಿಲ್ಲ. ಗೋವಿನದ್ದು, ಕೋಣದ್ದು — ಎರಡೂ ತಟ್ಟೆಗಳಲ್ಲಿ ರೋಗಾಣು ಸತ್ತ ಜಾಗ ಒಂದೇ ಅಗಲ.

“ಸರ್, ಬ್ಯಾಕ್ಟೀರಿಯಾಕ್ಕೆ ಎಂತ ಗೊತ್ತುಂಟು, ಯಾವ ಹಟ್ಟಿಯದ್ದು ಅಂತ?” ಎಂದೆ ನೀನು.

“ಇದನ್ನು ನಾನು ಹೇಳಿದರೆ ವಿಜ್ಞಾನ. ಲೀನಾ ಡಿಸೋಜ ಹೇಳಿದರೆ ಬೇರೆ ಅರ್ಥ ಮಾಡ್ತಾರೆ, ಅಲ್ವಾ?” ಎಂದೆ ನಾನು.

ನಿನ್ನ ಮುಖ ಆಗ — ಬೇಡ, ಅದನ್ನು ಬರೆಯಲಾರೆ. ದೇವಸ್ಥಾನದ ಬೀದಿಯ ಮನೆಯವನು ನಾನು. ನಾನು ಹೇಳಿದ್ದರೆ ಕೇಳುತ್ತಿದ್ದರು. ಹೇಳಲಿಲ್ಲ. ಕೋಣದ ಮಾತಿಲ್ಲದ ಪ್ರಬಂಧ ನನ್ನ ಹೆಸರಿನಲ್ಲಿ ಬಂತು, ಉಡುಪಿಯಲ್ಲಿ ಶಾಲು ಹೊದಿಸಿದರು. ನೀನು ಪಿಎಚ್.ಡಿ. ಅರ್ಧಕ್ಕೆ ಬಿಟ್ಟು ಕಾರ್ಕಳದಲ್ಲಿ ಟೀಚರ್ ಆದೆ. ಅಂದಿನಿಂದ ನನಗೆ ಒಂದು ಕಡೆ ನೆಮ್ಮದಿಯಿಂದ ಕೂರಲು ಆಗುವುದಿಲ್ಲ. ಕಾಪು ಕಡಲ ಬದಿಯಲ್ಲಿ ಸುಮ್ಮನೆ ನಡೆಯುತ್ತೇನೆ, ಮತ್ತೆ ತಿರುಗಿ ಮನೆಗೆ, ಮತ್ತೆ —

ಮೊನ್ನೆ ನಿನ್ನ ಶಾಲೆಯವರೆಗೂ ಬಂದಿದ್ದೆ. ಕಿಟಕಿಯೊಳಗಿಂದ ನಿನ್ನ ದನಿ: “ಹೋಲಿಸ್ಲಿಕ್ಕೆ ಇನ್ನೊಂದು ಇಡದಿದ್ರೆ ಅದು ಪ್ರಯೋಗವೇ ಅಲ್ಲ ಮಕ್ಕಳೇ.” ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ.

ಇಂದು ಬೆಳಿಗ್ಗೆ ಪ್ರಬಂಧ ಹಿಂತೆಗೆದುಕೊಳ್ಳುತ್ತೇನೆಂದು ಅದನ್ನು ಪ್ರಕಟಿಸಿದ ವಿಜ್ಞಾನ ಪತ್ರಿಕೆಗೆ ಬರೆದೆ, ಸಮಿತಿಗೂ ಬರೆದೆ. ಶಾಲು ಕೇಳಿದರೆ ವಾಪಸು ಕೊಡಬಹುದು. ನಿನ್ನ ವರ್ಷಗಳನ್ನು ಎಲ್ಲಿಂದ ತಂದುಕೊಡಲಿ? ಕ್ಷಮಿಸು ಎನ್ನುವುದಿಲ್ಲ. ಆ ಪತ್ರಗಳಲ್ಲಿ ಕೋಣದ ಫಲಿತಾಂಶವನ್ನು ಇದ್ದಂತೆ ಬರೆದು, ಪ್ರಯೋಗ ಮಾಡಿದವರು ಯಾರೆಂಬಲ್ಲಿ ನಿನ್ನ ಹೆಸರು ಹಾಕಿದ್ದೇನೆ — ಡಿಸೋಜ ಸಮೇತ.